ಗುಡ್ಡ ಓಟಗಾರ: ಲಕ್ಷಣ, ಆವಾಸ, ಆಹಾರ

ಕಣ್ಣೆದುರು ರಸ್ತೆಯಿದ್ದರೂ ಅದನ್ನು ಬಿಟ್ಟು, ಏರಿನಲ್ಲಿ ಉಸಿರನ್ನೂ ಇಳಿಜಾರಿನಲ್ಲಿ ಮೊಣಕಾಲನ್ನೂ ಕಳೆದುಕೊಳ್ಳುವ ವಿದ್ಯೆಗೆ ಗುಡ್ಡ ಓಟವೆಂದು ಹೆಸರು. ತವರು ಉತ್ತರ ಇಂಗ್ಲೆಂಡಿನ ಬೋಳುಗುಡ್ಡಗಳು. ಅಲ್ಲಿನ ಕೆಸ್ವಿಕ್‌ನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಮ್ 1932ರ ಜೂನ್‌ನಲ್ಲಿ 42 ಶಿಖರಗಳನ್ನು 23 ಗಂಟೆ 39 ನಿಮಿಷಗಳಲ್ಲಿ ಸುತ್ತಿ ಬಂದ. ಕಾಲಿಗೆ ಟೆನಿಸ್ ಶೂ, ಮೈಗೆ ಪೈಜಾಮದ ಮೇಲಂಗಿ.

ಕಾಸರಗೋಡು ಜಿಲ್ಲೆಯಲ್ಲಿ ಈ ಜಾತಿ ವಿರಳ. ಅಧ್ಯಯನಕ್ಕೆ ಒದಗಿರುವುದು ಒಂದೇ ಮಾದರಿ: ಐವತ್ತು ದಾಟಿದ ಗಂಡಸು. ಅವನ ಶೂಗಳ ಬೆಲೆಯಲ್ಲಿ ಅರ್ಧ ಮಾತ್ರ ಹೆಂಡತಿಗೆ ತಿಳಿದಿದೆ. ಶಿಖರಗಳ ಸಂಖ್ಯೆಯೂ ಒಂದೇ: ಪನತ್ತಡಿ ಪಂಚಾಯತಿನ ರಾಣಿಪುರಂ, ಹಳಬರ ಮಾಡತ್ತುಮಲ. ಎತ್ತರ ಸಾವಿರ ಮೀಟರಿನ ಆಸುಪಾಸು. ಕೆಳಗೆ ಶೋಲಾ ಕಾಡು, ಮೇಲೆ ಹುಲ್ಲು, ಬೆನ್ನಿಗೆ ಕೊಡಗು.

ಮಳೆಗಾಲದಲ್ಲಿ ಇಲ್ಲಿ ಉಂಬಳಗಳದೇ ದರಬಾರು. ಓಡಿದರೆ ಉಂಬಳ ಹತ್ತದು ಎಂಬುದು ಸದರಿ ಮಾದರಿಯ ಸಿದ್ಧಾಂತ. ಉಂಬಳವಾದರೋ ಮೈಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್, ನೆಲದ ಅದುರು, ಇವುಗಳಿಂದ ಬೇಟೆಯನ್ನು ಪತ್ತೆ ಮಾಡುತ್ತದೆ. ಬೆವರುತ್ತ, ಏದುತ್ತ, ದಬದಬ ಬರುವ ಓಟಗಾರ ಮೂರನ್ನೂ ಒಂದೇ ಪೊಟ್ಟಣದಲ್ಲಿ ತರುತ್ತಾನೆ. ಮೀನಖಂಡಕ್ಕೆ ಹತ್ತಿದ್ದನ್ನು ಅವನು ಬಲಗೈಯಿಂದ ಕಿತ್ತ. ಅದು ಬಲಗೈ ಹಿಡಿಯಿತು. ಎಡಗೈಯಿಂದ ಕಿತ್ತ, ಎಡಗೈ ಹಿಡಿಯಿತು. ಎರಡೂ ತುದಿಗೆ ಹೀರುಬಟ್ಟಲಿರುವ ಜೀವಿಯೊಡನೆ ಈ ಕೊಡು-ಕೊಳ್ಳುವಿಕೆಗೆ ಕೊನೆಯಿಲ್ಲ. ಅಷ್ಟರಲ್ಲಿ ಹವಾಯಿ ಚಪ್ಪಲಿಯ ಮಕ್ಕಳು ಬಾಳೆಕಾಯಿ ಚಿಪ್ಸ್ ತಿನ್ನುತ್ತ ಅವನನ್ನು ದಾಟಿ ಮೇಲೆ ಹೋದರು. ಹಿಂದೆ ಬಂದ ಅಜ್ಜಿ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿದರು.

"ಎಂತ ಮಗಾ ಓಡುದು, ಹಿಂದೆ ಆನೆ ಉಂಟಾ?"

"ಇಲ್ಲ ಅಜ್ಜಿ, ಸುಮ್ಮನೆ."

"ಸುಮ್ಮನೆಯಾ!" ಎಂದು ಅಜ್ಜಿ ಮತ್ತೊಂದು ಸಲ ಸುಣ್ಣ ಹಚ್ಚಿದರು, ಈ ಸಲ ಅನುಕಂಪದಿಂದ.

ತುದಿಯಲ್ಲಿ ರೀಲ್ಸ್ ಮಾಡುವ ಹುಡುಗರು ಚೌಕಟ್ಟಿನಿಂದ ಆಚೆ ನಿಲ್ಲಲು ಹೇಳುತ್ತಾರೆ. ಬೆಟ್ಟ ಅವರಿಗೆ ಯಾರು ಬರೆದುಕೊಟ್ಟರೋ. ನೋಟ ಚೆನ್ನಾಗಿದೆ; ಇಳಿಯಬೇಕು.

ಇಳಿದರೆ ಪನತ್ತಡಿ; ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತವಾದ ಪಂಚಾಯತುಗಳಲ್ಲಿ ಒಂದು. ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಮೀಸೆ ಚಿಗುರಿದ, ನಡೆಯಲಾಗದ ಮಗನನ್ನು ಎತ್ತಿಕೊಂಡ ತಾಯಿ ಬಸ್ಸಿಗೆ ಕಾಯುವ ತಿರುವಿನಲ್ಲಿ ಓಟಗಾರ ಕೈಗಡಿಯಾರ ನಿಲ್ಲಿಸಿ ನಡೆಯುತ್ತಾನೆ. ಆ ದೂರ ಅವನ ಲೆಕ್ಕಕ್ಕೆ ಸೇರುವುದಿಲ್ಲ.

ಮನೆಯ ಬಚ್ಚಲಲ್ಲಿ ಕಾಲುಚೀಲ ಕಳಚಿದಾಗ ಇನ್ನೆರಡು ಉಂಬಳ ಉರುಳುತ್ತವೆ. ಹೊಟ್ಟೆ ತುಂಬಿದ ಉಂಬಳಕ್ಕೆ ತಿಂಗಳುಗಟ್ಟಲೆ ಊಟ ಬೇಡ. ಓಟಗಾರನಿಗೆ ಕುಚ್ಚಲಕ್ಕಿ ಗಂಜಿ, ಮೂರು ಬಟ್ಟಲು.