ಕುಟ್ಟುವಾದ ಮತ್ತು ಕಟ್ಟುವಾದ: ಎಲೆಕ್ಟ್ರಾನಿಕ್ ಸಿಟಿಯ ಬ್ಯಾಟಿಂಗ್ ಮೀಮಾಂಸೆಗೊಂದು ಪ್ರವೇಶಿಕೆ

ಕನ್ನಡ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದು ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಸರ್ಟಿಫಿಕೇಟು ಕೊಟ್ಟಿದೆ. ಅದೇ ಜನ ಬ್ಯಾಟು ಹಿಡಿಯದೆಯೂ ಬ್ಯಾಟಿಂಗ್ ಬಲ್ಲವರು ಎಂಬುದನ್ನು ಸಾಧಾರವಾಗಿ ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮಾರ್ಗಕಾರನ ಸೀಮೆ ಕಾವೇರಿಯಿಂದ ಗೋದಾವರಿಯವರೆಗೆ. ನಮಗೆ ಅಷ್ಟು ಅನುದಾನ ಸಿಕ್ಕಿಲ್ಲ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಎಂಬೆರಡು ಹಳ್ಳಿಗಳ ನೆಲದಲ್ಲಿ, 1970ರ ದಶಕದ ಕೊನೆಗೆ ಕಿಯೋನಿಕ್ಸ್ 332 ಎಕರೆಯಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ ಸಿಟಿಗೆ ಅಧ್ಯಯನವನ್ನು ಮಿತಿಗೊಳಿಸಿಕೊಂಡಿದ್ದೇವೆ. ಊರಿನ ಹೆಸರಿನಲ್ಲೇ ಅಗ್ರಹಾರವಿದೆ. ಅಲ್ಲಿ ಶಾಸ್ತ್ರಚರ್ಚೆ ನಡೆಯದಿದ್ದರೆ ಆಶ್ಚರ್ಯಪಡಬೇಕಿತ್ತು.

ಕ್ಷೇತ್ರಕಾರ್ಯ ನಡೆದದ್ದು ನೀಲಾದ್ರಿ ರಸ್ತೆಯ ಟೀ ಅಂಗಡಿಗಳಲ್ಲಿ, ಪಿಜಿಗಳ ಮಹಡಿಯ ಮೇಲೆ, ಕಂಪನಿ ಬಸ್ಸುಗಳ ಹಿಂದಿನ ಸೀಟಿನಲ್ಲಿ. ಐಪಿಎಲ್ ಪಂದ್ಯ ಸಂಜೆ ಏಳೂವರೆಗೆ ಶುರುವಾಗುತ್ತದೆ. ಸಿಲ್ಕ್ ಬೋರ್ಡ್ ಕಡೆಗೆ ಹೊರಟ ಕ್ಯಾಬು ಆ ಹೊತ್ತಿಗೆ ಮೇಲ್ಸೇತುವೆಯ ಮೇಲೆ ನಿಂತಿರುತ್ತದೆ. ಹತ್ತು ಕಿಲೋಮೀಟರಿಗೆ ಹದಿನೈದು ಮೀಟರ್ ಕಡಿಮೆ ಇರುವ ಆ ಸೇತುವೆಯ ಮೇಲೆ, ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ರೂಪುಗೊಂಡ ಸಿದ್ಧಾಂತಗಳಲ್ಲಿ ಸಿಟ್ಟಿನ ಅಂಶ ಜಾಸ್ತಿ. 2025ರ ಆಗಸ್ಟ್ 10ರಂದು ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಈ ಶಾಸ್ತ್ರ ಕೊಂಚ ತಣ್ಣಗಾಗಬಹುದೆಂಬ ಆಸೆ ಇದೆ. ಆದರೆ ಕೂರಲು ಸೀಟು ಸಿಗಬೇಕು.

ಇಲ್ಲಿ ಪ್ರಚಲಿತವಿರುವ ದರ್ಶನಗಳು ಮುಖ್ಯವಾಗಿ ಎರಡು. ಮೊದಲನೆಯದು ಕುಟ್ಟುವಾದ. ಇದರ ಪ್ರಕಾರ 120 ಚೆಂಡುಗಳೂ ಕುಟ್ಟಲಿಕ್ಕೆಂದೇ ಸೃಷ್ಟಿಯಾದವು. ಬಿಟ್ಟ ಚೆಂಡು ಕಳೆದ ಜನ್ಮದ ಪಾಪ. ಈ ಪಂಥದ ಬೀಜಮಂತ್ರ ‘ಗುಮ್ಮು ಮಗಾ’. ಎರಡನೆಯದು ಕಟ್ಟುವಾದ. ಇನಿಂಗ್ಸ್ ಕಟ್ಟಬೇಕು, ಒಂದು ತುದಿ ಹಿಡಿದು ನಿಲ್ಲಬೇಕು, ಕೊನೆಯ ಐದು ಓವರಿಗೆ ವಿಕೆಟ್ ಉಳಿಸಬೇಕು ಎಂಬುದು ಇವರ ನಿಲುವು. ಬೀಜಮಂತ್ರ ‘ಅವಸರ ಏನಪ್ಪಾ ಇವನಿಗೆ’. ಒಬ್ಬನೇ ಅಭಿಮಾನಿ ಒಂದೇ ಓವರಿನಲ್ಲಿ ಎರಡೂ ಪಂಥಗಳಿಗೆ ಸೇರಿರುವುದು ಸರ್ವೇಸಾಮಾನ್ಯ. ಮೂರನೇ ಚೆಂಡಿಗೆ ರನ್ ಬರದಿದ್ದಾಗ ಕುಟ್ಟುವಾದಿಯಾಗಿದ್ದವನು, ನಾಲ್ಕನೆಯದರಲ್ಲಿ ಡೀಪ್ ಮಿಡ್‌ವಿಕೆಟ್ಟಿಗೆ ಕ್ಯಾಚ್ ಹೋದೊಡನೆ ದೀಕ್ಷೆಯೂ ಇಲ್ಲದೆ ಕಟ್ಟುವಾದಿಯಾಗುತ್ತಾನೆ. ಮತಾಂತರಕ್ಕೆ ಇಷ್ಟು ಕಡಿಮೆ ಸಮಯ ಹಿಡಿದ ಉದಾಹರಣೆ ಧರ್ಮಗಳ ಇತಿಹಾಸದಲ್ಲಿ ಇನ್ನೊಂದಿರಲಾರದು.

ಕಟ್ಟುವಾದಕ್ಕೆ ಬಿದ್ದ ಮೊದಲ ಏಟು 2008ರ ಏಪ್ರಿಲ್ 18ರದ್ದು. ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ, ನಮ್ಮದೇ ಚಿನ್ನಸ್ವಾಮಿ ಅಂಗಳ, ನಮ್ಮ ಬೆಂಗಳೂರು ತಂಡಕ್ಕೆ ರಾಹುಲ್ ದ್ರಾವಿಡ್ ನಾಯಕ. ಕೋಲ್ಕತಾದ ಬ್ರೆಂಡನ್ ಮೆಕಲಮ್ 73 ಚೆಂಡಿಗೆ ಔಟಾಗದೆ 158 ಕುಟ್ಟಿದ. ನಮ್ಮವರು ಎಲ್ಲರೂ ಸೇರಿ ಕಟ್ಟಿದ್ದು 82. ದ್ರಾವಿಡ್, ಜಾಫರ್, ಕಾಲಿಸ್ ಇದ್ದ ಆ ತಂಡವನ್ನು ಟೆಸ್ಟ್ ಟೀಮು ಎಂದು ಊರೆಲ್ಲ ಆಡಿಕೊಂಡಿತು. ಟೂರ್ನಿ ಮುಗಿಯುವ ಮುನ್ನವೇ ತಂಡದ ಸಿಇಒ ಚಾರು ಶರ್ಮಾ ಹುದ್ದೆಯಲ್ಲಿರಲಿಲ್ಲ. ಪ್ರಾಜೆಕ್ಟಿನ ನಡುವೆ ತಲೆದಂಡವಾಗುವುದನ್ನು ಎಲೆಕ್ಟ್ರಾನಿಕ್ ಸಿಟಿ ಅರ್ಥಮಾಡಿಕೊಂಡಷ್ಟು ಚೆನ್ನಾಗಿ ಜಯನಗರ, ಮಲ್ಲೇಶ್ವರಗಳು ಅರ್ಥಮಾಡಿಕೊಳ್ಳಲಿಲ್ಲ. ಕ್ರಿಕೆಟ್ಟನ್ನು ಆಡಳಿತಶಾಸ್ತ್ರದ ಶಾಖೆಯಾಗಿ ನೋಡುವ ಈ ಭಾಗದ ಪರಂಪರೆ ಅಲ್ಲಿಂದಲೇ ಶುರುವಾಯಿತೆಂದು ನಮ್ಮ ಊಹೆ.

ಆ ಪರಂಪರೆಯಲ್ಲಿ ಕ್ಯಾಪ್ಟನ್ ಎಂದರೆ ಟೀಮ್ ಲೀಡ್, ಕೋಚ್ ಎಂದರೆ ಡೆಲಿವರಿ ಮ್ಯಾನೇಜರ್, ಮಾಲೀಕರು ಕ್ಲೈಂಟು. ಐಪಿಎಲ್ ನಡೆಯುವ ತಿಂಗಳುಗಳಲ್ಲೇ ಬಹುಪಾಲು ಕಂಪನಿಗಳಲ್ಲಿ ಅಪ್ರೈಸಲ್ಲೂ ನಡೆಯುವುದರಿಂದ ಎರಡರ ಭಾಷೆಯೂ ಕಲಸಿಹೋಗಿದೆ. ಸ್ಟ್ರೈಕ್ ರೇಟ್ 122 ಇರುವ ಆಟಗಾರನ ಬಗ್ಗೆ ‘ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್, ಹೈಕ್ ಕೊಡೋ ಹಾಗಿಲ್ಲ’ ಎಂದು ತೀರ್ಪು ಕೊಟ್ಟವನಿಗೆ ಅದೇ ಮಧ್ಯಾಹ್ನ ಅದೇ ತೀರ್ಪು ಸಿಕ್ಕಿತ್ತೆಂಬುದು ಅವನ ಪಕ್ಕದ ಸೀಟಿನವರಿಂದ ತಿಳಿಯಿತು.

ಪರದೇಶದ ಶಾಸ್ತ್ರಕಾರರನ್ನೂ ಇಲ್ಲಿ ನೆನೆಯಬೇಕು. ಬೋಸ್ಟನ್ನಿನ ಕ್ಲೈಂಟ್ ಇರುವವರು ರಾತ್ರಿ ಕಾಲ್‌ನಲ್ಲಿ ಹವಾಮಾನದ ಮಾತು ಮುಗಿದ ಮೇಲೆ ಬೇಸ್‌ಬಾಲ್ ಮಾತು ಕೇಳಲೇಬೇಕು. ಹೀಗಾಗಿ ಟೆಡ್ ವಿಲಿಯಮ್ಸ್ ಹೆಸರು ಕೋನಪ್ಪನ ಅಗ್ರಹಾರಕ್ಕೂ ಬಂದಿದೆ. 1941ರಲ್ಲಿ .406 ಸರಾಸರಿ ಹೊಡೆದ ಆ ಮಹಾನುಭಾವ, ಬ್ಯಾಟಿಗೆ ಸಿಗಬೇಕಾದ ಜಾಗವನ್ನು 77 ಚೆಂಡುಗಳ ಮನೆಗಳಾಗಿ ಹಂಚಿ, ಪ್ರತಿ ಮನೆಯಲ್ಲೂ ತನಗೆಷ್ಟು ಸರಾಸರಿ ಬರುತ್ತದೆಂದು 1971ರ ತನ್ನ ಪುಸ್ತಕದಲ್ಲಿ ಬರೆದಿಟ್ಟ. ನಟ್ಟನಡುವೆ ಬಂದರೆ .400; ದೂರದ ಕೆಳಮೂಲೆಗೆ ಬಂದರೆ .230. ಮೂಲೆಯದನ್ನು ಬಿಡು, ನಡುವಿನದಕ್ಕೆ ಕಾಯಿ ಎಂಬುದೇ ಅವನ ಉಪದೇಶ. ಅವರ ಆಟದಲ್ಲಿ ವಲಯದಾಚೆಗೆ ನಾಲ್ಕು ಚೆಂಡು ಬಂದು, ಬ್ಯಾಟುಗಾರ ಸುಮ್ಮನೆ ಬಿಟ್ಟರೆ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗಬಹುದು. ಅಂದರೆ ಸುಮ್ಮನಿರುವುದಕ್ಕೂ ಸಂಬಳವಿದೆ. ಈ ಅಂಶವನ್ನು ವಿವರಿಸಿದಾಗ ಟೀ ಅಂಗಡಿಯ ವಿದ್ವತ್ಸಭೆ ಬಹಳ ಹೊತ್ತು ಮೌನವಾಗಿತ್ತು. ‘ನಮ್ ಬೆಂಚ್ ತರಾನೇ ಅಲ್ವಾ’ ಎಂದು ಒಬ್ಬ ಹೇಳಿದ. ಪ್ರಾಜೆಕ್ಟಿಲ್ಲದೆ ಸಂಬಳ ಎಣಿಸಿದ ಅನುಭವ ಅವನ ದನಿಯಲ್ಲಿತ್ತು.

ಇನ್ನು ನಿರ್ಧಾರಮೀಮಾಂಸೆ. ಯಾರಿಗೆ ಯಾವಾಗ ಬೌಲಿಂಗ್ ಕೊಡಬೇಕು, ಯಾರನ್ನು ಯಾವಾಗ ಇಳಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಿಳಿಯುವುದು ಹೇಗೆ? ನಮ್ಮ ಪೂರ್ವಿಕರು ಜ್ಞಾನಕ್ಕೆ ಸಾಧನಗಳನ್ನು ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕಕ್ಕೆ ನಿಲ್ಲಿಸಿದರು, ಅರ್ಥಾಪತ್ತಿ, ಅನುಪಲಬ್ಧಿ ಸೇರಿಸಿ ಅದ್ವೈತಿಗಳು ಆರು ಮಾಡಿದರು. ಎಲೆಕ್ಟ್ರಾನಿಕ್ ಸಿಟಿಯ ಕೊಡುಗೆ ಏಳನೆಯದು. ಅದರ ಹೆಸರು ‘ಆಗ್ಲೇ-ಹೇಳಿದ್ದೆ-ಪ್ರಮಾಣ’. ಘಟನೆ ನಡೆದ ನಂತರ ಹುಟ್ಟಿ, ಘಟನೆಗಿಂತ ಮೊದಲೇ ಇತ್ತೆಂದು ಸಿದ್ಧವಾಗುವುದು ಇದರ ಲಕ್ಷಣ. ಉಳಿದ ಆರೂ ಪ್ರಮಾಣಗಳು ಒಮ್ಮೊಮ್ಮೆ ತಪ್ಪಬಹುದು. ಇದು ತಪ್ಪಿದ ದಾಖಲೆಯೇ ಇಲ್ಲ.

2016ರ ಫೈನಲ್ ಇದಕ್ಕೆ ಆಕರಗ್ರಂಥ. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ ಹೊಡೆದಿದ್ದರು, ಫೈನಲ್ಲೂ ಚಿನ್ನಸ್ವಾಮಿಯಲ್ಲೇ. ಹೈದರಾಬಾದಿನ ಇನಿಂಗ್ಸಿನ ಕೊನೆಯ ಓವರ್ ಶೇನ್ ವಾಟ್ಸನ್ ಕೈಗೆ ಹೋಯಿತು. ಬೆನ್ ಕಟಿಂಗ್ ಬ್ಯಾಟು ಬೀಸಿದ, 24 ರನ್ ಹೋಯಿತು. ನಾವು ಸೋತದ್ದು 8 ರನ್ನಿನಿಂದ. 24ರಲ್ಲಿ 8 ಕಳೆದರೆ ಏನಾಗುತ್ತದೆಂದು ಲೆಕ್ಕ ಹಾಕದ ಎಂಜಿನಿಯರ್ ಹೊಸೂರು ರಸ್ತೆಯಲ್ಲಿಲ್ಲ. ನೂರಾಹದಿನಾಲ್ಕು ರನ್ನಿನ ಮೊದಲ ಜೊತೆಯಾಟ ಸಿಕ್ಕಮೇಲೂ ಮಧ್ಯದವರು ಗುರಿ ಮುಟ್ಟಿಸಲಿಲ್ಲ ಎಂಬುದನ್ನು ಯಾರೂ ನೆನೆಯುವುದಿಲ್ಲ. ನನ್ನ ಮಟ್ಟಿಗೆ ಅಸಲಿ ತಪ್ಪು ಅಲ್ಲೇ ಇದ್ದದ್ದು. ಆದರೆ ಏಳನೆಯ ಪ್ರಮಾಣಕ್ಕೆ ಒಬ್ಬನೇ ಆರೋಪಿ ಸಾಕು.

ಹೊರದೇಶದಲ್ಲೂ ಈ ಪ್ರಮಾಣ ಚಲಾವಣೆಯಲ್ಲಿದೆ. 2003ರ ಅಕ್ಟೋಬರಿನಲ್ಲಿ ಬೋಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಮ್ಯಾನೇಜರ್ ಗ್ರೇಡಿ ಲಿಟ್ಲ್, ದಣಿದಿದ್ದ ಎಸೆತಗಾರ ಪೆಡ್ರೊ ಮಾರ್ಟಿನೆಜ್‌ನನ್ನು ಎಂಟನೇ ಇನಿಂಗ್ಸಿನಲ್ಲಿ ತೆಗೆಯದೆ ಬಿಟ್ಟ. 5-2ರ ಮುನ್ನಡೆ ಕರಗಿತು, ಪಂದ್ಯ ಹೋಯಿತು, ಕೆಲಸವೂ ಹೋಯಿತು. 2020ರ ವರ್ಲ್ಡ್ ಸೀರೀಸ್‌ನಲ್ಲಿ ಟ್ಯಾಂಪಾ ಬೇ ತಂಡದ ಕೆವಿನ್ ಕ್ಯಾಶ್ ಉಲ್ಟಾ ಮಾಡಿದ. ಬ್ಲೇಕ್ ಸ್ನೆಲ್ ಕೇವಲ 73 ಎಸೆತ ಹಾಕಿ ಎದುರಾಳಿಗಳನ್ನು ಕಂಗೆಡಿಸಿದ್ದಾಗಲೇ ಲೆಕ್ಕದ ಹಾಳೆ ನೋಡಿ ಅವನನ್ನು ತೆಗೆದ. ಆ ಪಂದ್ಯವೂ ಹೋಯಿತು, ಕಪ್ಪೂ ಹೋಯಿತು. ತೆಗೆಯದವನಿಗೂ ಬೈಗುಳ, ತೆಗೆದವನಿಗೂ ಬೈಗುಳ. ಮ್ಯಾನೇಜರ್ ಆಗಬೇಕೆಂದು ಹಂಬಲಿಸುವ ಸೀನಿಯರ್ ಎಂಜಿನಿಯರುಗಳು ಈ ಪ್ಯಾರಾವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಈ ಅಧ್ಯಯನದ ನಿಜವಾದ ಶೋಧನೆ ಸಿಕ್ಕಿದ್ದು ಒಂದು ಕಂಪನಿಯ ಗೇಟಿನ ಬಳಿ. ಅಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಒಬ್ಬರಿದ್ದರು, ರಾಯಚೂರು ಕಡೆಯವರು. ನೀಲಿ ಅಂಗಿ, ಭುಜದ ಮೇಲೆ ಏಜೆನ್ಸಿಯ ಬಿಲ್ಲೆ, ಕೈಯಲ್ಲಿ ಗಾಡಿ ನಂಬರ್ ಬರೆಯುವ ರಿಜಿಸ್ಟರ್. ಹೊರಗೆ ಬಂದ ಹುಡುಗರು ಮೊಬೈಲಿನಲ್ಲಿ ಪಂದ್ಯ ನೋಡುತ್ತ ನಿಂತರೆ ಇವರು ಪರದೆಯ ಕಡೆ ಕಣ್ಣೂ ಹಾಯಿಸದೆ ಭವಿಷ್ಯ ಹೇಳುತ್ತಿದ್ದರು.

“ಸರ, ಈ ಬಾಲಿಗೆ ಹ್ವಾದ ನೋಡ್ರಿ.”

ಪರದೆಯ ಮೇಲೆ ಬೌಲರ್ ಇನ್ನೂ ಓಡಿಬರುತ್ತಿದ್ದ. ಬ್ಯಾಟು ಬೀಸಿದ, ಕೀಪರ್ ಹಿಡಿದ, ಔಟು.

ಮಂಡ್ಯದ ಹುಡುಗನೊಬ್ಬ ಬಾಯಿ ತೆರೆದು ನಿಂತ. “ಅಣ್ಣ, ನಿಮಗ್ ಹೆಂಗ್ ಗೊತ್ತಾಯ್ತು?”

“ಅನುಭವರೀ ಸರ. ಕಾಲ್ ನೋಡಿದ್ರ ತಿಳೀತದ. ಮುಂದಿನ ಕಾಲ್ ಎತ್ತಂಗಿಲ್ಲ ಅಂವ.”

ಇವರ ಖ್ಯಾತಿ ಮೂರನೇ ಮಹಡಿವರೆಗೆ ಹಬ್ಬಿತು. ಟೀಮ್ ಲೀಡ್‌ಗಳು ಟೀ ಕೊಡಿಸಿ ಬ್ಯಾಟಿಂಗ್ ಕ್ರಮಾಂಕದ ಬಗ್ಗೆ ಸಲಹೆ ಕೇಳುವಷ್ಟಾಯಿತು. ಸಿಕ್ಸ್ ಇದ್ದರೆ ಸಿಕ್ಸ್ ಎನ್ನುವರು, ವಿಕೆಟ್ ಇದ್ದರೆ ವಿಕೆಟ್ ಎನ್ನುವರು; ರನ್ನಿಲ್ಲದ ಚೆಂಡಿಗೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಒಂದು ಸಂಜೆ ಗಾಳಿಮಳೆಗೆ ರಸ್ತೆಯಾಚೆಯ ಟೀ ಅಂಗಡಿಯ ಡಿಶ್ ತಿರುಗಿಕೊಂಡು ಟೀವಿ ನಿಂತುಹೋಯಿತು. ಅಂದು ಆಚಾರ್ಯರು ಇಡೀ ಇನಿಂಗ್ಸ್ ಮೌನವ್ರತದಲ್ಲಿದ್ದರು. ಕೇಳಿದ್ದಕ್ಕೆ, “ಇವತ್ತ ಪಿಚ್ ತಿಳೀವಲ್ದರಿ” ಎಂದರು.

ವಿಷಯ ಇಷ್ಟೇ. ಡಿಶ್ ಟೀವಿಗಿಂತ ಮೊಬೈಲಿನ ನೇರಪ್ರಸಾರ ಹಲವು ಸೆಕೆಂಡು ಹಿಂದಿರುತ್ತದೆ. ಅಂಗಡಿಯಲ್ಲಿ ಎದ್ದ ಕೂಗು ಗೇಟಿಗೆ ಮೊದಲು ತಲುಪುತ್ತದೆ, ಚೆಂಡು ಆಮೇಲೆ. ಕೂಗಿನ ಧಾಟಿಯಲ್ಲೇ ಸಿಕ್ಸೋ ವಿಕೆಟ್ಟೋ ಬಲ್ಲವನಿಗೆ ಜ್ಯೋತಿಷ ಬೇಕಿಲ್ಲ. ಇದನ್ನು ಮೋಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ನಾಯಕನ ತಪ್ಪು ಎಣಿಸುವ ಮಾಜಿ ಆಟಗಾರರಿಗೆ ಸಿಗುವ ಮುನ್ನಡೆ ಇಡೀ ರಾತ್ರಿಯದು. ನಮ್ಮವರು ಬರೀ ಸೆಕೆಂಡುಗಳಲ್ಲಿ ಕೆಲಸ ಮುಗಿಸಿದರು. ಕಾವಲುಗಾರರು ಕ್ರೀಡಾಶಾಸ್ತ್ರ ಕಟ್ಟುವುದೂ ಹೊಸತಲ್ಲ. ಕಾನ್ಸಾಸ್‌ನ ಲಾರೆನ್ಸ್ ಊರಿನಲ್ಲಿ, ಹಂದಿಮಾಂಸ ಮತ್ತು ಬೀನ್ಸ್ ಡಬ್ಬಿಗೆ ತುಂಬುವ ಕಾರ್ಖಾನೆಯ ರಾತ್ರಿ ಕಾವಲಿನಲ್ಲಿದ್ದ ಬಿಲ್ ಜೇಮ್ಸ್ ಎಂಬಾತ 1977ರಲ್ಲಿ ಸ್ವಂತ ಖರ್ಚಿನಲ್ಲಿ ಬೇಸ್‌ಬಾಲ್ ಅಂಕಿಅಂಶಗಳ ಪುಸ್ತಕ ತಂದ. ಮುಂದೆ ರೆಡ್ ಸಾಕ್ಸ್ ತಂಡವೇ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. 2004ರಲ್ಲಿ ಅವರ 86 ವರ್ಷದ ಕಪ್ಪಿನ ಬರ ಮುಗಿಯಿತು. ನಮ್ಮ ಬರ ಅಷ್ಟುದ್ದದ್ದಲ್ಲ, ಆದರೆ ಗದ್ದಲ ಅದಕ್ಕಿಂತ ದೊಡ್ಡದಿತ್ತು.

ನಡುವೆ ಎರಡು ಕ್ಲಿಷ್ಟ ಪ್ರಕರಣಗಳಿವೆ. ಒಂದು, ಏಪ್ರಿಲ್ 23ರ ರಹಸ್ಯ. 2013ರ ಆ ದಿನ ಕ್ರಿಸ್ ಗೇಲ್ 66 ಚೆಂಡಿಗೆ ಔಟಾಗದೆ 175, ತಂಡ 263. 2017ರ ಅದೇ ದಿನ ಈಡನ್ ಗಾರ್ಡನ್ಸ್‌ನಲ್ಲಿ ತಂಡ 49ಕ್ಕೆ ಆಲೌಟ್. ಕುಟ್ಟಿದರೂ ಅದೇ ತಿಥಿ, ಕುಸಿದರೂ ಅದೇ ತಿಥಿ. ಇದಕ್ಕೆ ಪಂಚಾಂಗದಲ್ಲಿ ಪರಿಹಾರವಿಲ್ಲ. ಇನ್ನೊಂದು, ಮನೆಮಗನ ಸಮಸ್ಯೆ. ನಮ್ಮ ತಂಡದಲ್ಲಿದ್ದು ಹೊರಹೋದ ಕೆ.ಎಲ್. ರಾಹುಲ್, 2025ರ ಏಪ್ರಿಲ್ 10ರಂದು ಡೆಲ್ಲಿ ಪರ ಚಿನ್ನಸ್ವಾಮಿಯಲ್ಲೇ 53 ಚೆಂಡಿಗೆ ಔಟಾಗದೆ 93 ಹೊಡೆದು ಪಂದ್ಯ ಗೆದ್ದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಇದು ನನ್ನ ಅಂಗಳ ಎಂದು ತೋರಿಸಿದರು. ಸೋತದ್ದು ನಮ್ಮ ತಂಡ, ಗೆದ್ದದ್ದು ನಮ್ಮ ಹುಡುಗ. ಆ ರಾತ್ರಿ ಪಿಜಿಗಳಲ್ಲಿ ಕೇಳಿದ ಕೂಗು ಯಾವ ವರ್ಗಕ್ಕೆ ಸೇರಿದ್ದೆಂದು ನಮ್ಮ ಸೆಕ್ಯುರಿಟಿ ಆಚಾರ್ಯರಿಗೂ ಬಗೆಹರಿಯಲಿಲ್ಲ.

ಕೊನೆಯ ಸಾಕ್ಷ್ಯ 2025ರ ಜೂನ್ 3ರದ್ದು. ಅಹಮದಾಬಾದಿನಲ್ಲಿ ಪಂಜಾಬ್ ಎದುರು ಫೈನಲ್. ಕೊಹ್ಲಿ 35 ಚೆಂಡಿಗೆ 43 ಹೊಡೆದು ಔಟಾದಾಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕುಟ್ಟುವಾದ ಸರ್ವಾನುಮತದಿಂದ ಅಂಗೀಕಾರವಾಗಿತ್ತು. ಆ 43ಕ್ಕೆ ಯಾರೂ ಬೈ-ಟು ಟೀಯಲ್ಲಿ ಅರ್ಧವನ್ನೂ ಕೊಡುತ್ತಿರಲಿಲ್ಲ. ತಂಡ 190ಕ್ಕೆ ನಿಂತಿತು. ಕೃನಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ ಬರೀ 17 ಕೊಟ್ಟು ಎರಡು ವಿಕೆಟ್ ತೆಗೆದರು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು. ಜೋಶ್ ಹೇಜಲ್‌ವುಡ್‌ಗೆ ಶಶಾಂಕ್ ಸಿಂಗ್ 22 ಬಾರಿಸಿದರೂ ನಾವು 6 ರನ್ನಿನಿಂದ ಗೆದ್ದೆವು. ಆ ಕ್ಷಣದಿಂದ ಅದೇ 43 ‘ಒಂದು ತುದಿ ಹಿಡಿದು ಕಟ್ಟಿದ ಇನಿಂಗ್ಸ್’ ಆಯಿತು. ಸ್ಕೋರ್‌ಕಾರ್ಡಿನಲ್ಲಿ ಒಂದಂಕಿಯೂ ಬದಲಾಗಿರಲಿಲ್ಲ. ಶಶಾಂಕ್ ಇನ್ನು ಏಳು ರನ್ ಹೆಚ್ಚಿಗೆ ಹೊಡೆದಿದ್ದರೆ ಕೊಹ್ಲಿಯ ಬ್ಯಾಟಿಂಗ್ ವಿಧಾನವೇ ತಪ್ಪಾಗುತ್ತಿತ್ತು, ರಜತ್ ಪಾಟೀದಾರ್ ನಾಯಕತ್ವವೂ ಜೊತೆಗೆ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹೋದ 11 ಜೀವಗಳ ವಿಷಯ ಅಣಕಕ್ಕೆ ಒಗ್ಗುವಂಥದ್ದಲ್ಲ. ಅದನ್ನು ಈ ಪ್ರಬಂಧ ಮುಟ್ಟುವುದಿಲ್ಲ.

ಇಷ್ಟರ ಮೇಲೆ ನಮ್ಮ ಸಿದ್ಧಾಂತ: ಬ್ಯಾಟಿಂಗಿನಲ್ಲಿ ಸರಿಯಾದ ವಿಧಾನವೆಂದರೆ ಗೆದ್ದ ದಿನ ಆಡಿದ್ದು, ಸರಿಯಾದ ನಿರ್ಧಾರವೆಂದರೆ ಫಲಿತಾಂಶ ಬಂದಮೇಲೆ ನಾವು ತೆಗೆದುಕೊಂಡದ್ದು. ಇದನ್ನು ಅಲ್ಲಗಳೆಯಬಯಸುವ ವಿದ್ವಾಂಸರು ಯಾವುದಾದರೂ ಓವರ್ ಶುರುವಾಗುವ ಮೊದಲೇ ತಮ್ಮ ಅಭಿಪ್ರಾಯವನ್ನು ಗೇಟಿನ ರಿಜಿಸ್ಟರಿನಲ್ಲಿ ಬರೆದು, ಸಮಯ ಹಾಕಿ ಸಹಿ ಮಾಡಬೇಕು. ಈವರೆಗೆ ಒಬ್ಬರೂ ಮಾಡಿಲ್ಲ. ಡಿಶ್ ಇರುವ ಮನೆ, ಅಂಗಡಿಗಳವರಲ್ಲಿ ಒಂದು ವಿನಂತಿ: ಈ ಸಲವಾದರೂ ವಿಕೆಟ್ ಬಿದ್ದಾಗ ದಯವಿಟ್ಟು ಕಿಟಕಿ ಮುಚ್ಚಿಕೊಂಡು ಕೂಗಿ, ಮೊಬೈಲಿನಲ್ಲಿ ನೋಡುವವರಿಗೆ ಚೆಂಡು ಇನ್ನೂ ಬಂದಿರುವುದಿಲ್ಲ.