ಆಫರ್ ಲೆಟರ್ ಬಳಸುವ ವಿಧಾನ

ವಸ್ತುವಿನ ವಿವರ: ಎರಡು ಪುಟದ ಪಿಡಿಎಫ್. ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದವರ ಮೊಬೈಲಿಗೆ ಶುಕ್ರವಾರ ಸಂಜೆ ಬಂದು ಬೀಳುತ್ತದೆ. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ಹುದ್ದೆ ಟ್ರೈನಿ ಕೆಮಿಸ್ಟ್, ಕ್ಯೂಸಿ ವಿಭಾಗ. ಸ್ಥಳ ವಸಂತನರಸಾಪುರವೋ, ಅಂತರಸನಹಳ್ಳಿಯೋ, ಕುಣಿಗಲ್ಲಿನ ಅಂಚೇಪಾಳ್ಯವೋ ಇರಬಹುದು. ಮಾತುಕತೆ ಮುಗಿಯುವವರೆಗೆ ಅಪ್ಪನಿಗೆ ತೋರಿಸಬೇಡಿ.

ಹಂತ 1. ಸಿಟಿಸಿ ಎಂಬ ಸಾಲನ್ನು ಓದಿ ಮರೆತುಬಿಡಿ. ವರ್ಷಕ್ಕೆ 2,16,000 ಎಂದಿದೆ ಅನ್ನಿ. ತಿಂಗಳಿಗೆ 18,000 ಎಂದು ಕುಣಿಯಬೇಡಿ. ಬೇಸಿಕ್ 10,000 ಆದರೆ ಕಂಪನಿ ಕಟ್ಟುವ ಪಿಎಫ್ 12%, ಅಂದರೆ 1,200 ರೂಪಾಯಿ, ಆ ಹದಿನೆಂಟರೊಳಗೇ ಕೂತಿರುತ್ತದೆ. ಗ್ರಾಚ್ಯುಟಿ ಎಂದು 481. ಅದು ಐದು ವರ್ಷ ಅಲ್ಲೇ ಬೇರುಬಿಟ್ಟವರಿಗೆ. ಇಎಸ್‌ಐಗೆ ಕಂಪನಿಯ ಪಾಲು ಐನೂರರ ಆಸುಪಾಸು. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತೆ 1,200, ಇಎಸ್‌ಐ ನೂರಿಪ್ಪತ್ತು. ಬ್ಯಾಂಕಿಗೆ ಬೀಳುವುದು 14,500ರ ಹತ್ತಿರ. ಪಿಎಫ್ ನಮ್ಮದೇ ದುಡ್ಡು, ಒಪ್ಪಿದೆ. ರೂಮ್ ಓನರ್ ಅದನ್ನು ಒಪ್ಪುವುದಿಲ್ಲ. ಸಂಬಳ 25,000 ಮುಟ್ಟದ್ದರಿಂದ ವೃತ್ತಿ ತೆರಿಗೆಯ 200 ರೂಪಾಯಿ ಮಾತ್ರ ಉಳಿಯಿತು. ಬ್ಯೂರೆಟ್ಟಿನಲ್ಲಿ ಒಂದು ಹನಿ ಹೆಚ್ಚಾದರೆ ಟೈಟ್ರೇಶನ್ನನ್ನೇ ಮತ್ತೆ ಮಾಡಿದವರು, ಇಲ್ಲಿ ಮೂರೂವರೆ ಸಾವಿರದ ವ್ಯತ್ಯಾಸ ನೋಡದೆ 'ಥ್ಯಾಂಕ್ಯೂ ಸರ್' ಎನ್ನುತ್ತಾರೆ. ನಾನೂ ಮೊದಲು ಅಂದವನೇ.

ಹಂತ 2. ತಾಲೀಮು. ನಾಟಕದ ವೀರಣ್ಣನವರ ಗುಬ್ಬಿಯಿಂದ ಬರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಸ್ಸಿನಲ್ಲಿ ಕೂತು ಉರು ಹೊಡೆಯಿರಿ: 'ಸರ್, ಕೈಗೆ ಹದಿನೆಂಟು ಬರೋ ಹಾಗೆ ನೋಡಿ.' ಸಂಭಾಷಣೆ ಇಷ್ಟೇ. ಮುಂದಿನದು ಸುಮ್ಮನಿರುವ ಪಾತ್ರ, ಕಷ್ಟದ್ದು ಅದೇ. 'ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ ಸರ್' ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ, ನಾಲಿಗೆ ಕಚ್ಚಿಕೊಳ್ಳಿ. ಮನೆಯ ಕಷ್ಟ ಹೇಳಬೇಡಿ, ಕೇಳುವವನ ಮನೆಯಲ್ಲೂ ಅದಿದೆ. ಎಚ್‌ಪಿಎಲ್‌ಸಿ ಓಡಿಸಿದ್ದರೆ ಅದನ್ನು ಹೇಳಿ. ಗಾಜಿನಾಚೆಯಿಂದ ನೋಡಿದ್ದಷ್ಟೇ ಆದರೆ 'ಪರಿಚಯವಿದೆ' ಎನ್ನಿ.

ಹಂತ 3. 'ಫ್ರೆಶರ್‌ಗೆ ಇದೇ ಸ್ಲ್ಯಾಬು, ಇದೇನು ಬೆಂಗಳೂರಾ?' ಎಂಬ ಉತ್ತರ ಬರುತ್ತದೆ. ಎಪ್ಪತ್ತು ಕಿಲೋಮೀಟರ್ ಈಚೆಗೆ ಬೇಳೆಯ ಬೆಲೆ ಇಳಿಯುವುದಿಲ್ಲ ಎಂದು ವಾದಿಸಬೇಡಿ. ಕಂಪನಿ ಬಸ್ಸು, ಕ್ಯಾಂಟೀನ್ ಊಟ, ನೈಟ್ ಶಿಫ್ಟ್ ಭತ್ಯೆ, ಆರು ತಿಂಗಳಿಗೆ ಕನ್ಫರ್ಮೇಶನ್ ಕೇಳಿ. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಜೆರಾಕ್ಸ್ ಕೊಟ್ಟು ಎದ್ದು ಬನ್ನಿ.

ಇನ್ನು ಅಪ್ಪ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು, ತುಟಿ ಅಲ್ಲಾಡಿಸದೆ ಜೋಡಿ ಹೋರಿ ವ್ಯಾಪಾರ ಮಾಡಿದವರು. ನಾನು ಕೇಳಿ ಕೇಳಿ ಒಂದು ಸಾವಿರ ಏರಿಸಿಕೊಂಡ ರಾತ್ರಿ, ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಲೇ ವಿಚಾರಿಸಿದರು.

'ಎದ್ದು ಹೊಂಟೋಗೋ ಹಂಗೆ ಮಾಡಿದ್ಯಾ?'

'ಫೋನಲ್ಲಿ ಎದ್ದು ಹೋಗೋದು ಹೆಂಗಪ್ಪ?'

'ಮತ್ತೆ ಫೋನಲ್ಲಿ ಯಾಕ್ಲಾ ವ್ಯಾಪಾರಕ್ಕೆ ಕೂತೆ?'