ಡಿವಿಡಿ ಡ್ರೈವಿನ ಅನುಪಲಬ್ಧಿ: ಒಂದು ಕಿರು ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಅದರಂತೆ ಈ ಪ್ರಬಂಧದ ವಿಷಯ ಡಿವಿಡಿ ಡ್ರೈವ್. ಸಿಪಿಯು ಡಬ್ಬಿಯ ಮುಂಭಾಗದಲ್ಲಿ ಎಲ್ಲರಿಗೂ ಕಾಣುವಂತೆ ಕೂತಿದ್ದು, ವಿಂಡೋಸ್ ಒಂದಕ್ಕೆ ಮಾತ್ರ ಕಾಣದಂಥದ್ದು. ಪ್ರಯೋಜನ, ಬೀರುವಿನಲ್ಲಿರುವ ಮದುವೆ ಡಿವಿಡಿಯ ದರ್ಶನ. ಸಂಬಂಧವೆಂದರೆ ಅದನ್ನು ನೋಡಿಯೇ ಊರಿಗೆ ಹೋಗುವುದೆಂದು ನಡುಮನೆಯಲ್ಲಿ ಕೂತಿರುವ ಸೋದರತ್ತೆ. ಇನ್ನು ಅಧಿಕಾರಿ: ಶಮ, ದಮ, ತಿತಿಕ್ಷೆಗಳ ಜೊತೆಗೆ ಒಂದು ಸ್ಟಾರ್ ಸ್ಕ್ರೂಡ್ರೈವರನ್ನೂ ಸಂಪಾದಿಸಿಕೊಂಡವನು. ಸ್ಕ್ರೂಡ್ರೈವರ್ ಪಕ್ಕದ ಮನೆಯಲ್ಲಾದರೂ ಸಿಕ್ಕೀತು.

ಪೂರ್ವೇತಿಹಾಸ ಬರೆಯದ ಸಂಶೋಧನೆಗೆ ಪದವಿ ಸಿಗುವುದಿಲ್ಲವಾದ್ದರಿಂದ ಎರಡು ಮಾತು. ಫಿಲಿಪ್ಸ್ ಮತ್ತು ಸೋನಿ ಕೂಡಿ ರೂಪಿಸಿದ ಸಿಡಿ 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ವ್ಯಾಸ 12 ಸೆಂಟಿಮೀಟರ್. ಡಿವಿಡಿ ಬಂದದ್ದು 1996ರಲ್ಲಿ, ಅದೂ ಜಪಾನಿನಲ್ಲೇ ಮೊದಲು. ಸಿಡಿಯನ್ನು ಓದುವುದು 780 ನ್ಯಾನೋಮೀಟರಿನ ಅವಗೆಂಪು ಲೇಸರ್, ಡಿವಿಡಿಯನ್ನು ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್. ಒಂದೇ ಡ್ರೈವಿನಲ್ಲಿ ಎರಡೂ ಇರುವುದರಿಂದ ಸಿಡಿ ಓದಲಾರದ ಡ್ರೈವ್ ಡಿವಿಡಿಯನ್ನು ಚೆನ್ನಾಗಿಯೇ ಓದುವುದುಂಟು. ಆದರೆ ಡ್ರೈವ್ ಕಂಡೂ ಸಿಡಿ ಓಡದಿರುವುದು ನೇತ್ರರೋಗ. ಅದಕ್ಕೆ ಬೇರೆ ತಂತ್ರವಿದೆ. ನಮ್ಮ ಪ್ರಕರಣದಲ್ಲಿ ರೋಗಿಯೇ ನಾಪತ್ತೆ.

ಈಗ ಪೂರ್ವಪಕ್ಷ. ‘ಮೈ ಕಂಪ್ಯೂಟರ್’ ತೆರೆದರೆ ಸಿ ಇದೆ, ಡಿ ಇದೆ, ಡ್ರೈವಿನ ಚಿತ್ರ ಇಲ್ಲ. ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದು ವಿಂಡೋಸ್ ತೀರ್ಮಾನಿಸುತ್ತದೆ. ಕಾಣದಿರುವುದನ್ನೇ ಇಲ್ಲದಿರುವುದಕ್ಕೆ ಪ್ರಮಾಣವಾಗಿ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ್ದಾರೆ, ನಿಜ. ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಆದರೆ ಅವರು ಒಂದು ಷರತ್ತು ಹಾಕಿದ್ದರು: ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಯೋಗ್ಯತೆ ಇರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನುವಂತಿಲ್ಲ. ವಿಂಡೋಸ್ ರಚಿಸಿದವರು ಕುಮಾರಿಲ ಭಟ್ಟನನ್ನು ಓದಿದಂತೆ ತೋರುವುದಿಲ್ಲ.

ಇರುವ ವಸ್ತು ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಏಳನೆಯ ಕಾರಿಕೆ ಎಂಟು ಕಾರಣ ಕೊಡುತ್ತದೆ. ಅದು ಪ್ರಕೃತಿ ಪುರುಷರ ಬಗ್ಗೆ ಹೇಳಿದ್ದೆಂದು ವ್ಯಾಖ್ಯಾನಕಾರರು ನಂಬಿಕೊಂಡು ಬಂದಿದ್ದಾರೆ. ಕಂಪ್ಯೂಟರ್ ರಿಪೇರಿಯ ಕೈಪಿಡಿಯಾಗಿ ಅದನ್ನು ಓದಿದವರು ಪ್ರಸ್ತುತ ಪ್ರಬಂಧಕಾರನಿಗೆ ಮೊದಲು ಇದ್ದಂತಿಲ್ಲ. ಅತಿದೂರ: ಯುಎಸ್‌ಬಿ ಡ್ರೈವನ್ನು ಉದ್ದನೆಯ ಎಕ್ಸ್‌ಟೆನ್ಷನ್ ವೈರಿಗೋ ಹಬ್‌ಗೋ ಸಿಕ್ಕಿಸಿದರೆ ಮೋಟಾರಿಗೆ ಬೇಕಾದಷ್ಟು ಕರೆಂಟ್ ತಲುಪುವುದಿಲ್ಲ. ಅತಿಸಾಮೀಪ್ಯ: ಕಣ್ಣಿಗೆ ಹಚ್ಚಿದ ಕಾಡಿಗೆ ಕಣ್ಣಿಗೆ ಕಾಣದೆಂಬುದು ಭಾಷ್ಯಕಾರರ ದೃಷ್ಟಾಂತ; ಸಾಟಾ ಕೇಬಲ್ ಕೂತೇ ಇದೆ ಎನಿಸುವಷ್ಟು ಹತ್ತಿರವಿದ್ದು, ಕೂದಲೆಳೆಯಷ್ಟು ಹೊರಗಿರುತ್ತದೆ. ಹಳೆಯ ಸಾಟಾ ಕೇಬಲ್‌ಗಳಿಗೆ ಕ್ಲಿಪ್ ಕೂಡ ಇರಲಿಲ್ಲ. ಇಂದ್ರಿಯಘಾತ: ಡ್ರೈವರ್ ಫೈಲ್ ಕೆಟ್ಟಿದೆ. ಮನಸ್ಸು ಬೇರೆಡೆ ಇರುವುದು: ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಒಳಮನಸ್ಸು ಅರೆನಿದ್ದೆಯಲ್ಲೇ ಉಳಿದಿರುತ್ತದೆ; ಹಾಗಾಗಿ ಆರಿಸಿ ಹಚ್ಚುವುದಕ್ಕಿಂತ ‘ರೀಸ್ಟಾರ್ಟ್’ ಒತ್ತುವುದೇ ಮೇಲು. ಅಭಿಭವ, ಅಂದರೆ ಬಲಿಷ್ಠನ ಎದುರು ಮಂಕಾಗುವುದು, ಐಡಿಇ ಯುಗದ ಕಾಯಿಲೆ: 40 ಪಿನ್ನಿನ ಒಂದೇ ಪಟ್ಟಿ ಕೇಬಲ್ಲಿಗೆ ಹಾರ್ಡ್ ಡಿಸ್ಕನ್ನೂ ಸಿಡಿ ಡ್ರೈವನ್ನೂ ಸಿಕ್ಕಿಸಿ, ಜಂಪರ್ ಚುಚ್ಚಿ ಇಬ್ಬರನ್ನೂ ‘ಮಾಸ್ಟರ್’ ಮಾಡಿದರೆ ಸಂಸಾರ ನಡೆಯುವುದಿಲ್ಲ. ಸಮಾನಾಭಿಹಾರವೆಂದರೆ ತನ್ನಂಥವರ ಗುಂಪಿನಲ್ಲಿ ಕಳೆದುಹೋಗುವುದು: ವರ್ಚುವಲ್ ಡ್ರೈವ್ ಸೃಷ್ಟಿಸುವ ತಂತ್ರಾಂಶ ಹಾಕಿಕೊಂಡವರ ಮನೆಯಲ್ಲಿ ಇ, ಎಫ್, ಜಿ ಎಂದು ಸಾಲುಗಟ್ಟಿದ ಮಾಯಾಡ್ರೈವುಗಳ ನಡುವೆ ಅಸಲಿ ಯಾವುದೆಂದು ಗೊತ್ತಾಗುವುದಿಲ್ಲ. ಸೌಕ್ಷ್ಮ್ಯವನ್ನು ಲೇಸರಿಗೇ ಬಿಡೋಣ. ಇನ್ನುಳಿದ ವ್ಯವಧಾನ, ಅಂದರೆ ನಡುವೆ ಅಡ್ಡ ಬರುವ ಗೋಡೆ, ಈ ಪ್ರಬಂಧದ ಜೀವಾಳ. ಅದಕ್ಕೆ ಹೋಗುವ ಮುನ್ನ ಪ್ರಮಾಣವಿಚಾರ ಮುಗಿಯಬೇಕು.

ಕಂಪ್ಯೂಟರಿನಲ್ಲಿ ಬಯಾಸ್ ಶ್ರುತಿ, ವಿಂಡೋಸ್ ಸ್ಮೃತಿ. ಬಯಾಸ್ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವಂಥದ್ದು, ಬಳಸುವವನ ಪಾಲಿಗೆ ಅಪೌರುಷೇಯವೇ. ವಿಂಡೋಸ್ ಆಮೇಲೆ ಬಂದದ್ದು, ಕಂಡದ್ದನ್ನು ನೆನಪಿನಿಂದ ಬರೆದುಕೊಂಡದ್ದು, ಮೇಲಿಂದ ಮೇಲೆ ತಿದ್ದುಪಡಿಗೆ ಒಳಗಾಗುವಂಥದ್ದು. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲವತ್ತರ ಎನ್ನುವುದು ಮೀಮಾಂಸೆಯ ನಿಯಮ. ಆದ್ದರಿಂದ ಕಂಪ್ಯೂಟರ್ ಹಚ್ಚಿದ ಕೂಡಲೇ ಡೆಲ್ ಅಥವಾ ಎಫ್2 ಒತ್ತುತ್ತ ಬಯಾಸ್ ಪರದೆಗೆ ಹೋಗಿ ಸಾಟಾ ಪಟ್ಟಿಯನ್ನು ಪಾರಾಯಣ ಮಾಡತಕ್ಕದ್ದು. ಅಲ್ಲಿ ಡ್ರೈವಿನ ಹೆಸರಿದ್ದರೆ ಅದು ಇದೆ, ದೋಷ ವಿಂಡೋಸಿನದು, ಡಬ್ಬಿ ಬಿಚ್ಚುವ ಅಗತ್ಯವಿಲ್ಲ. ಅಲ್ಲಿಯೂ ಇಲ್ಲವಾದರೆ ದೋಷ ದೇಹದ್ದು: ಕೇಬಲ್, ಪೋರ್ಟ್, ಇಲ್ಲವೇ ಡ್ರೈವ್. ಈ ಒಂದು ವಿಭಜನೆಯನ್ನು ಮಾಡದೆ ನಡೆಯುವ ಚಿಕಿತ್ಸೆಯೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಂತೆ.

ದೇಹದೋಷಕ್ಕೆ ಅನುಮಾನಪ್ರಮಾಣ ಸಾಕು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಹಾಗೆಯೇ ಎಲ್ಲೆಲ್ಲಿ ಟ್ರೇ ಹೊರಬರುತ್ತದೋ ಅಲ್ಲಲ್ಲಿ ಕರೆಂಟ್ ಇದೆ. ನವ್ಯನೈಯಾಯಿಕರು ಇಲ್ಲಿ ತಕ್ಷಣ ಆಕ್ಷೇಪ ಎತ್ತುತ್ತಾರೆ. ಡ್ರೈವಿನ ಮುಖದ ಮೇಲಿರುವ ಸಣ್ಣ ತೂತಿಗೆ ಜೆಮ್ ಕ್ಲಿಪ್ಪಿನ ತಂತಿ ತೂರಿಸಿದರೆ ಕರೆಂಟೇ ಇಲ್ಲದೆಯೂ ಟ್ರೇ ಹೊರಬರುತ್ತದೆ; ಹೇತು ವ್ಯಭಿಚಾರಿಯಾಯಿತು. ಆದ್ದರಿಂದ ‘ಗುಂಡಿ ಒತ್ತಿದ ಮಾತ್ರಕ್ಕೆ’ ಎಂಬ ವಿಶೇಷಣ ಸೇರಿಸಿ ವ್ಯಾಪ್ತಿಯನ್ನು ಭದ್ರಪಡಿಸಬೇಕು. ಗುಂಡಿ ಒತ್ತಿದಾಗ ಟ್ರೇ ಬಂದರೆ 15 ಪಿನ್ನಿನ ಪವರ್ ಕೇಬಲ್ ಸರಿಯಿದೆ. ಬಂದೂ ಬಯಾಸಿನಲ್ಲಿ ಡ್ರೈವ್ ಕಾಣದಿದ್ದರೆ 7 ಪಿನ್ನಿನ ಡೇಟಾ ಕೇಬಲ್ ಅಪರಾಧಿಯೆಂದು ಮೊದಲು ಶಂಕಿಸಬೇಕು. ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ ನೋಡಿ. ಆಗಲೂ ಇಲ್ಲವಾದರೆ ಅದು ಪ್ರಧ್ವಂಸಾಭಾವ, ಇದ್ದದ್ದು ನಾಶವಾದ ಮೇಲಿನ ಇಲ್ಲ. ಡ್ರೈವಿಗೆ ನಮಸ್ಕಾರ ಹೇಳಿ.

ಬಯಾಸಿಗೆ ಕಂಡು ವಿಂಡೋಸಿಗೆ ಕಾಣದ ಪ್ರಕರಣವೇ ರಸವತ್ತಾದದ್ದು. ಡಿವೈಸ್ ಮ್ಯಾನೇಜರ್ ತೆರೆದರೆ ಡ್ರೈವಿನ ಹೆಸರ ಪಕ್ಕ ಹಳದಿ ತ್ರಿಕೋನ, ಒಳಗೆ ಕೋಡ್ 19 ಅಥವಾ 39. ಕೋಡ್ 41 ಎಂಬುದೂ ಒಂದಿದೆ. ಡ್ರೈವರ್ ಯಶಸ್ವಿಯಾಗಿ ಲೋಡ್ ಆಗಿದೆ, ಯಂತ್ರ ಮಾತ್ರ ಸಿಗುತ್ತಿಲ್ಲ ಎಂದು ಅದರ ತಾತ್ಪರ್ಯ. ಪೂಜೆಯೆಲ್ಲ ಸಾಂಗವಾಗಿ ನಡೆದಿದೆ, ದೇವರಿಲ್ಲ.

ಇಲ್ಲಿ ಹೆಚ್ಚಿನವರು ಮೊರೆಹೋಗುವುದು ಪುನರ್ಜನ್ಮವಾದಕ್ಕೆ. ಡ್ರೈವಿನ ಹೆಸರ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಒತ್ತಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಹುಟ್ಟಿಸುತ್ತದೆ. ಸಣ್ಣಪುಟ್ಟ ಪಾಪಗಳು ಇದರಿಂದ ಹೋಗುತ್ತವೆ. ಆದರೆ ಹುಟ್ಟಿದ ಡ್ರೈವಿಗೆ ಅದೇ ಹಳದಿ ತ್ರಿಕೋನ ಮತ್ತೆ ಅಂಟಿಕೊಂಡಿದ್ದರೆ ಅದು ಸಂಚಿತ ಕರ್ಮ. ಈ ಕರ್ಮ ಡ್ರೈವ್ ಎಂಬ ವ್ಯಕ್ತಿಯ ಖಾತೆಯಲ್ಲಿಲ್ಲ, ಡ್ರೈವ್ ಎಂಬ ಜಾತಿಯ ಖಾತೆಯಲ್ಲಿದೆ. ಎಷ್ಟು ಜನ್ಮವೆತ್ತಿದರೂ ಬಿಡದು.

ಆ ಖಾತೆಯ ಹೆಸರು ರಿಜಿಸ್ಟ್ರಿ. ವಿಂಡೋಸ್ ಮತ್ತು ಡ್ರೈವಿನ ನಡುವೆ ಡ್ರೈವರ್ ಇರುತ್ತದಷ್ಟೆ. ಅದರ ಮೇಲೊಂದು ಕೆಳಗೊಂದು ಜರಡಿ ಕೂರಿಸಲು ಅವಕಾಶವಿದೆ. ಅವೇ ಅಪ್ಪರ್‌ಫಿಲ್ಟರ್ಸ್ ಮತ್ತು ಲೋವರ್‌ಫಿಲ್ಟರ್ಸ್. ಸಿಡಿ ಬರೆಯುವ ತಂತ್ರಾಂಶ, ವರ್ಚುವಲ್ ಡ್ರೈವಿನ ತಂತ್ರಾಂಶ, ಹಾಡುಗಳ ಭಂಡಾರದ ತಂತ್ರಾಂಶ ಇವೆಲ್ಲ ಬಂದಾಗ ಕೇಳದೆಯೇ ತಮ್ಮ ಜರಡಿಯ ಹೆಸರನ್ನು ಅಲ್ಲಿ ಬರೆಸಿಬಿಡುತ್ತವೆ. ಮುಂದೊಂದು ದಿನ ಅವನ್ನು ತೆಗೆದುಹಾಕುತ್ತೀರಿ. ಜರಡಿಯ ಫೈಲ್ ಹೋಗುತ್ತದೆ, ಹೆಸರು ಉಳಿಯುತ್ತದೆ. ಬಾಡಿಗೆಯವನು ಮನೆ ಖಾಲಿ ಮಾಡಿ ಹೋದ ಮೇಲೂ ಗೇಟಿಗೆ ಅವನ ಬೀಗವೇ ನೇತಾಡುತ್ತಿರುವಂತೆ. ವಿಂಡೋಸ್ ಪಟ್ಟಿಯಲ್ಲಿರುವ ಹೆಸರನ್ನು ಕೂಗಿ ಕರೆಯುತ್ತದೆ, ಯಾರೂ ಓಗೊಡುವುದಿಲ್ಲ, ಹಾಗಾದರೆ ಡ್ರೈವನ್ನೇ ಹಚ್ಚುವುದಿಲ್ಲ ಎಂದು ಹಟ ಹಿಡಿಯುತ್ತದೆ. ವ್ಯವಧಾನವೆಂದರೆ ಇದು: ಗೋಡೆಯೂ ಇಲ್ಲ, ಗೋಡೆಯ ಹೆಸರೇ ಗೋಡೆ.

ಪರಿಹಾರಕ್ಕೆ ರೆಜೆಡಿಟ್ ತೆರೆದು, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ಎಂದು ಇಳಿಯುತ್ತ ಹೋಗಿ, 4ಡಿ36ಇ965-ಇ325-11ಸಿಇ-ಬಿಎಫ್‌ಸಿ1-08002ಬಿಇ10318 ಎಂಬ ಶಾಸನದ ಮುಂದೆ ನಿಲ್ಲಬೇಕು. ಶಾಸನಪಾಠದಲ್ಲಿ ಒಂದಕ್ಷರ ತಪ್ಪಿದರೆ ರಾಜನ ಕಾಲವೇ ಹಿಂದುಮುಂದಾಗುತ್ತದೆಂದು ಇತಿಹಾಸಕಾರರು ಎಚ್ಚರಿಸುತ್ತಾರೆ; ಇಲ್ಲಿ ಪಾಠಾಂತರದ ಫಲ ಇನ್ನೂ ಘೋರ. 965 ಎಂಬಲ್ಲಿ 96ಬಿ ಎಂದು ಓದಿದಿರಾದರೆ ನೀವು ನಿಂತಿರುವುದು ಕೀಬೋರ್ಡಿನ ವರ್ಗದ ಮುಂದೆ. ಅಲ್ಲಿಯ ಅಪ್ಪರ್‌ಫಿಲ್ಟರ್ಸ್ ಅಳಿಸಿದರೆ ರೀಸ್ಟಾರ್ಟ್ ಆದ ಮೇಲೆ ಕೀಬೋರ್ಡ್ ಸತ್ತಿರುತ್ತದೆ, ಪಾಸ್‌ವರ್ಡ್ ಒತ್ತಲೂ ದಾರಿಯಿಲ್ಲ. ಆದ್ದರಿಂದ ಬಲಬದಿಯಲ್ಲಿ ‘ಡಿವಿಡಿ/ಸಿಡಿರಾಮ್’ ಎಂಬ ಹೆಸರು ಕಾಣುವುದನ್ನು ಖಚಿತಪಡಿಸಿಕೊಂಡು, ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಎರಡು ಫಿಲ್ಟರ್ ಹೆಸರುಗಳನ್ನಷ್ಟೇ ಅಳಿಸಿ ರೀಸ್ಟಾರ್ಟ್ ಮಾಡತಕ್ಕದ್ದು. ಕೆಲವು ಸಿಡಿ ಬರೆಯುವ ತಂತ್ರಾಂಶಗಳನ್ನು ಆಮೇಲೆ ಮತ್ತೆ ಹಾಕಿಕೊಳ್ಳಬೇಕಾದೀತು.

ಇದರಿಂದಲೂ ಪ್ರಸನ್ನವಾಗದ ಡ್ರೈವಿಗೆ ಇನ್ನೊಂದು ಮಂತ್ರವಿದೆ: ಸರ್ವಿಸಸ್ ಕೆಳಗೆ ಅಟಾಪಿ, ಅದರ ಕೆಳಗೆ ‘ಕಂಟ್ರೋಲರ್0’ ಎಂಬ ಕೀಲಿ ಸೃಷ್ಟಿಸಿ, ‘ಎನಮ್‌ಡಿವೈಸ್1’ ಎಂಬ ಡಿವರ್ಡ್‌ಗೆ 1 ಎಂಬ ಬೆಲೆ ಕೊಡುವುದು. ಹೀಗೆ ಮಾಡಿದರೆ ಹಲವರಿಗೆ ಡ್ರೈವ್ ಕಂಡಿದೆ. ಏಕೆ ಕಂಡಿತೆಂದು ವಿವರಿಸುವವರು ಕಡಿಮೆ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದ ಕೌತ್ಸನ ಮತವನ್ನು ಯಾಸ್ಕ ತನ್ನ ನಿರುಕ್ತದಲ್ಲಿ ಖಂಡಿಸಿದ್ದಾನೆ. ಈ ಸಾಲನ್ನು ನೋಡಿದ್ದರೆ ಯಾಸ್ಕ ಸ್ವಲ್ಪ ತಡೆಯುತ್ತಿದ್ದ.

ಅತ್ಯಂತಾಭಾವದ ಬಗ್ಗೆ ಒಂದು ಟಿಪ್ಪಣಿ. ಮೊಲದ ಕೊಂಬಿನಂತೆ ಯಾವ ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಡ್ರೈವ್ ಇರಲಿಲ್ಲ. ಈಗ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಕೆಲವು ಮಾದರಿಗಳಲ್ಲಿ ಮಾತ್ರ ಡ್ರೈವಿನ ಜಾಗಕ್ಕೆ ಅದೇ ಆಕಾರದ ಖಾಲಿ ಪ್ಲಾಸ್ಟಿಕ್ ಮುಚ್ಚಳ ಕೂರಿಸಿರುತ್ತಾರೆ. ಮೊಲಕ್ಕೆ ಕೊಂಬು ಅಂಟಿಸಿ ಮಾರುವ ಈ ಪದ್ಧತಿಯನ್ನು ಯಾವ ತಾರ್ಕಿಕನೂ ಊಹಿಸಿರಲಿಲ್ಲ. ಅಂಥ ಮುಚ್ಚಳದ ಮುಂದೆ ಜೆಮ್ ಕ್ಲಿಪ್ ಹಿಡಿದು ಕೂರಬೇಡಿ.

ಕೊನೆಯದಾಗಿ ಫಾರ್ಮ್ಯಾಟ್ ಸಂಪ್ರದಾಯದ ಖಂಡನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯವರೆಗೆ ಈ ಸಂಪ್ರದಾಯಕ್ಕೆ ಅನುಯಾಯಿಗಳಿದ್ದಾರೆ. ಡ್ರೈವ್ ಕಾಣುತ್ತಿಲ್ಲ ಎಂದರೆ “ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್”, ಸೌಂಡ್ ಬರುತ್ತಿಲ್ಲ ಎಂದರೂ ಅದೇ. ರೋಗ ಯಾವುದಾದರೂ ಸಂನ್ಯಾಸವೇ ಮದ್ದೆನ್ನುವ ಮತ ಇದು. ತರ್ಕದ ದೃಷ್ಟಿಯಿಂದ ಇದರಲ್ಲಿ ಚಕ್ರಕ ದೋಷವಿದೆ: ಫಾರ್ಮ್ಯಾಟ್ ಮಾಡಲು ವಿಂಡೋಸ್ ಡಿವಿಡಿ ಬೇಕು, ಡಿವಿಡಿಗೆ ಡ್ರೈವ್ ಬೇಕು, ಡ್ರೈವ್ ಕಾಣಲು ಫಾರ್ಮ್ಯಾಟ್ ಬೇಕು. ಪೆನ್‌ಡ್ರೈವಿನಿಂದ ಹಾಕುತ್ತೇವೆಂದು ಅವರು ಸಮಾಧಾನ ಹೇಳಬಹುದು. ಹಾಗಾದರೂ ಸಡಿಲಗೊಂಡ ಕೇಬಲ್ ಫಾರ್ಮ್ಯಾಟಿನಿಂದ ಬಿಗಿಯಾಗುವುದಿಲ್ಲ, ಮತ್ತು ಎರಡು ಸಾಲು ಅಳಿಸುವ ಕೆಲಸಕ್ಕೆ ಮನೆಯ ಫೋಟೋಗಳನ್ನೆಲ್ಲ ಬಲಿ ಕೊಡಬೇಕಾಗಿಲ್ಲ. ಫಾರ್ಮ್ಯಾಟ್ ಎಂದವರನ್ನು “ಬಯಾಸ್‌ನಲ್ಲಿ ಕಾಣ್ತಾ ನೋಡಿದ್ರಾ?” ಎಂದು ಒಂದು ಮಾತು ಕೇಳಿ. ಉತ್ತರ ಬರದಿದ್ದರೆ ಸಿಪಿಯು ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ, ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.